ಬಾರಿಹಣ್ಣಿನ ಚೌಕಾಸಿ

ಗುರಸಿದ್ದವ್ವನ ಎರಡು ಎಕರೆ ಮಡ್ಡಿ ನೆಲದಲ್ಲಿ ಬಾರಿ, ಅಂದರೆ ಬೋರೆಹಣ್ಣಿನ ಗಿಡಗಳ ಹೊರತು ಬೇರೇನೂ ಬೆಳೆಯುತ್ತಿರಲಿಲ್ಲ. ಹಣ್ಣನ್ನು ಪೇಟೆಗೆ ಒಯ್ದರೆ ಟಂಟಂ ಗಾಡಿಯ ಬಾಡಿಗೆಯೇ ಲಾಭವನ್ನು ನುಂಗುತ್ತಿತ್ತು. ಹಾಗಾಗಿ ಗಂಡ ಸತ್ತ ಮೇಲೆ ಅವಳೊಬ್ಬಳೇ ಹಣ್ಣು ಹರಿದು, ರಸ್ತೆ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ಬಸ್ಸುಗಳು ನಿಲ್ಲದೆ ಹೋಗುತ್ತಿದ್ದವು.

ಪ್ರತಿ ಗುರುವಾರ ತಪ್ಪದೆ ಬರುತ್ತಿದ್ದವನು ಗುಡ್ಡದಾಚೆಯ ಊರಿನ ಈರಸಂಗಪ್ಪನೊಬ್ಬನೇ. ಹಣ್ಣು ಹುಳಿ, ಹುಳುಕು, ರೇಟು ಜಾಸ್ತಿ ಎಂದು ತಾಸುಗಟ್ಟಲೆ ಜಗಳಾಡಿ, ಕೊನೆಗೆ ಅವಳು ಹೇಳಿದಷ್ಟೇ ಕೊಟ್ಟು ಒಂದು ಕಿಲೋ ಒಯ್ಯುತ್ತಿದ್ದ. ಇಂಥ ಕಿರಿಕಿರಿ ಮನುಷ್ಯನನ್ನು ಎಲ್ಲೂ ಕಂಡಿಲ್ಲ ಎಂದು ಅವಳು ಬೈಯುತ್ತಿದ್ದಳು.

ಈ ಸಲ ವ್ಯಾಪಾರಿಯೊಬ್ಬ ಬಂದು ಇಡೀ ತೋಟದ ಹಣ್ಣನ್ನು ಒಳ್ಳೆಯ ಬೆಲೆ ಕೊಟ್ಟು ಕೀಳಿಸಿಕೊಂಡು ಹೋದ. ಇನ್ನು ಬಿಸಿಲಿನಲ್ಲಿ ಕೂರುವ ಅಗತ್ಯವಿರಲಿಲ್ಲ. ಗುರಸಿದ್ದವ್ವ ಮನೆಯಲ್ಲೇ ಉಳಿದಳು. ಬಾಯಿಬಿಟ್ಟು ಒಂದು ಮಾತಾಡುವ ಪ್ರಸಂಗವೂ ಬರಲಿಲ್ಲ. ಗುರುವಾರ ಬಂದಾಗ ಬರಿಗೈಯಲ್ಲೇ ಹೋಗಿ ರಸ್ತೆ ಬದಿಗೆ ಕೂತಳು.

ಈರಸಂಗಪ್ಪ ಬಂದು ಸೈಕಲ್ ಇಳಿದ.

“ಹಣ್ಣಿಲ್ಲಣ್ಣಾ. ಎಲ್ಲಾ ವ್ಯಾಪಾರಿ ಒಯ್ದ,” ಎಂದಳು.

“ಗೊತ್ತೈತಿ. ಸುದ್ದಿ ನಮ್ಮೂರಿಗೂ ಬಂದೈತಿ.”

“ಮತ್ತ ಅಷ್ಟು ದೂರದಿಂದ ಯಾಕ ಬಂದಿ?”

“ನೀ ಯಾಕ ಬಂದಿ?”

ಅವನು ಸೈಕಲ್ಲಿನ ಹಿಂದೆ ಕಟ್ಟಿದ್ದ ಚೀಲವನ್ನು ಬಿಚ್ಚಿ ಅವಳ ಮುಂದೆ ಇಟ್ಟ. ಅದರ ತುಂಬ ಬಾರಿಹಣ್ಣು.

“ಇಷ್ಟ ಎಲ್ಲಿಂದ ತಂದಿ?”

“ನಮ್ಮ ತ್ವಾಟದ್ದ. ನಂದೂ ಮೂರೆಕರೆ ಬಾರಿತ್ವಾಟ ಐತಿ ಯಕ್ಕಾ. ಇವತ್ತ ನಾ ಮಾರ್ತೀನಿ, ನೀ ಜಗಳಾಡು.”