ಮಧುಸೂದನರ ಕೈಚಳಕ

ಎರಡನೆಯ ಬ್ಲೇಡೂ ಟಣ್ ಎಂದು ಮುರಿಯಿತು. ಸಭೆಯಲ್ಲಿ ಯಾರೋ ಕೆಮ್ಮಿದರು. ಮಧುಸೂದನರು ಕನ್ನಡಕ ತೆಗೆದು ಒರೆಸಿಕೊಂಡು, "ಈ ಹಾಲ್‌ನಲ್ಲಿ ಕರೆಂಟ್ ಏರಿಳಿತ ಜಾಸ್ತಿ" ಎಂದರು. ಅವರ ತಲೆಯ ಮೇಲಿನ ಫ್ಯಾನು ಒಂದೇ ವೇಗದಲ್ಲಿ ತಿರುಗುತ್ತಿತ್ತು.

ಪುರಸೈವಾಕ್ಕಂನ ಕನ್ನಡ ಬಳಗದವರು ಏರ್ಪಡಿಸಿದ್ದ ಹವ್ಯಾಸ ಪ್ರದರ್ಶನ ಅದು. ಮೇಜಿನ ಮೇಲೆ ತೆಳು ಹಲಗೆಯಲ್ಲಿ ಕೊರೆದ ನವಿಲು, ಗಂಡಭೇರುಂಡ, ವೀಣೆ, ಜಾಲರಿಯ ದೀಪದ ಗೂಡು. ಎದುರಿಗೊಂದು ಕಾರ್ಡು: 'ಕಲಾವಿದರು: ಶ್ರೀ ಮಧುಸೂದನ್, ನಿವೃತ್ತ ರೈಲ್ವೆ ಅಧಿಕಾರಿ'. ಬೆಳಗಿನಿಂದ ಹೊಗಳಿಕೆ ಸುಸೂತ್ರವಾಗಿಯೇ ಹರಿದುಬಂದಿತ್ತು. ಆದರೆ ಬಳಗದ ಕಾರ್ಯದರ್ಶಿ ಕಮಲಾಕರ, ತ್ರಿಪ್ಲಿಕೇನಿನಲ್ಲಿ ಹೋಟೆಲು ನಡೆಸುವ ಕುಂದಾಪುರದವರು, ಸಾಮಾನು ತರಲು ಕಳಿಸಿದ ವ್ಯಾನಿನಲ್ಲಿ ಕೊರೆಯುವ ಯಂತ್ರವನ್ನೂ ಹಾಕಿಸಿಕೊಂಡು ಬಂದಿದ್ದರು. "ಒಂದು ಚೂರು ಕೊರೆದು ತೋರಿಸಿ ಮಾರಾಯ್ರೆ, ಜನ ನೋಡ್ಲಿ" ಎಂದು ಮಧುಸೂದನರನ್ನು ವೇದಿಕೆಗೆ ಹತ್ತಿಸಿಬಿಟ್ಟರು.

ಸ್ಕ್ರಾಲ್ ಸಾ ಎಂಬ ಆ ಯಂತ್ರ ನುಂಗಂಬಾಕ್ಕಂನ ಅವರ ಫ್ಲಾಟಿನ ಬಾಲ್ಕನಿಗೆ ಬಂದದ್ದು ಎರಡು ವರ್ಷದ ಹಿಂದೆ, ನಿವೃತ್ತಿಯ ಮರುವಾರ. ಅದರಲ್ಲಿ ಎಳೆಯಷ್ಟು ಸಣ್ಣ ಗರಗಸದ ಬ್ಲೇಡು ಮೇಲೆ ಕೆಳಗೆ ಓಡುತ್ತಿರುತ್ತದೆ. ಹಲಗೆಯನ್ನು ಮೆಲ್ಲಗೆ ಒಡ್ಡಿ ತಿರುಗಿಸುತ್ತಾ ಹೋಗಬೇಕು. ಮೆಲ್ಲಗೆ ಎನ್ನುವುದು ಮಧುಸೂದನರ ಜಾಯಮಾನದಲ್ಲೇ ಇರಲಿಲ್ಲ. ಮೂವತ್ತೈದು ವರ್ಷ ಕೈಕೆಳಗಿನವರನ್ನು ತಳ್ಳಿ ತಳ್ಳಿ ಕೆಲಸ ತೆಗೆದವರು ಹಲಗೆಯನ್ನೂ ಹಾಗೇ ತಳ್ಳಿದರು. ಮೊದಲ ತಿಂಗಳಲ್ಲಿ ಮೂರು ಡಜನ್ ಬ್ಲೇಡು ಮುರಿದು, ಸೊಂಡಿಲಿಲ್ಲದ ಒಂದು ಆನೆಯನ್ನು ಲೋಕಕ್ಕೆ ಕೊಟ್ಟರು.

ಅವರ ಹೆಂಡತಿ ತುಂಗಾ ಅದೇ ಫ್ಲಾಟಿನಲ್ಲಿ ಇಪ್ಪತ್ತಾರು ವರ್ಷ ಅಕ್ಕಪಕ್ಕದವರ ರವಿಕೆ ಹೊಲಿದವಳು. ಸೂಜಿ ಇದ್ದಲ್ಲೇ ಇರುತ್ತದೆ, ತಿರುಗಬೇಕಾದ್ದು ಬಟ್ಟೆ ಎಂಬುದು ಆಕೆಯ ಬೆರಳುಗಳಿಗೆ ಗೊತ್ತಿತ್ತು. ಒಂದು ಮಧ್ಯಾಹ್ನ ಗಂಡ ಮಲಗಿದ್ದಾಗ ಯಂತ್ರದ ಮುಂದೆ ಕೂತು, ರವಿಕೆಗೆ ತೋಳು ಕೂಡಿಸುವ ಹಾಗೆ ನಿಧಾನವಾಗಿ ತಿರುಗಿಸುತ್ತಾ ನವಿಲಿನ ಬಾಲವನ್ನು ಪೂರ್ತಿ ಕೊರೆದಿಟ್ಟಳು. ಒಂದು ಬ್ಲೇಡೂ ಮುರಿಯಲಿಲ್ಲ. ನಿದ್ದೆ ಮುಗಿಸಿ ಬಂದ ಮಧುಸೂದನರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಪೆನ್ಸಿಲಲ್ಲಿ ಗೆರೆ ಹಾಕಿಟ್ಟಿದ್ದು ನಾನಲ್ವಾ, ಅದಕ್ಕೇ ಸಲೀಸಾಗಿ ಬಂದಿದೆ" ಎಂದು ಹಿಂಬದಿಗೆ ತಮ್ಮ ರುಜು ಹಾಕಿದರು. ಅಂದಿನಿಂದ ಕೊರೆಯುವುದು ಆಕೆ, ಬೆನ್ನ ಹಿಂದೆ ನಿಂತು "ಎಡಕ್ಕೆ, ಎಡಕ್ಕೆ" ಎನ್ನುವುದು ಇವರು. ವಾಟ್ಸಾಪಿನಲ್ಲಿ ಬಂದ ಹೊಗಳಿಕೆಗೆಲ್ಲ ಕೈಮುಗಿಯುವ ಕೆಲಸವನ್ನಂತೂ ಇವರೇ ಯಾರ ನೆರವೂ ಇಲ್ಲದೆ ಮಾಡಿಕೊಂಡು ಬಂದಿದ್ದರು.

ಈ ದಿನ ಬೆಳಿಗ್ಗೆ ಮನೆಯಲ್ಲೇ ಕಾರ್ಡು ಓದಿದ ತುಂಗಾ ಮೊದಲ ಸಲ ಬಾಯಿಬಿಟ್ಟು ಕೇಳಿದ್ದಳು. "ನನ್ನ ಹೆಸರೂ ಬರೀಬಹುದಿತ್ತಲ್ಲ, ರೀ? ಕೆಳಗಡೆ, ಸಣ್ಣಕ್ಷರದಲ್ಲಾದ್ರೂ."

"ಗಂಡ ಹೆಂಡತಿ ಅಂದ್ಮೇಲೆ ಎರಡೆರಡು ಹೆಸರು ಯಾಕೆ? ಅಲ್ಲದೆ ಜಾಗ ಎಲ್ಲಿದೆ ಅದರಲ್ಲಿ?"

ನಿವೃತ್ತ ರೈಲ್ವೆ ಅಧಿಕಾರಿಗೆ ಜಾಗ ಸಿಕ್ಕಿತ್ತು. ತುಂಗಾ ಕಾರ್ಡನ್ನು ಬೋರಲು ಹಾಕಿಟ್ಟಳು. ಆದರೂ ಯಂತ್ರ ವ್ಯಾನಿಗೇರುವುದನ್ನು ಕಂಡು, ಬ್ಲೇಡಿನ ಹೊಸ ಪೊಟ್ಟಣವೊಂದನ್ನು ಮರೆಯದೆ ಕೈಚೀಲಕ್ಕೆ ಹಾಕಿಕೊಂಡಳು. ಅಂಥದ್ದೆಲ್ಲ ಗಂಡನಿಗೆ ನೆನಪಿರುವುದಿಲ್ಲ ಎಂದು ಆಕೆಗೆ ಗೊತ್ತಿತ್ತು.

ಈಗ ಮಧುಸೂದನರು ಮೂರನೆಯ ಬ್ಲೇಡು ಸಿಕ್ಕಿಸಿದರು. ಹಿಂದಿನ ಸಾಲಿನಿಂದ ಯಾರೋ ತಮಿಳಿನಲ್ಲೇ, "ಪರವಾಯಿಲ್ಲೆ ಸಾರ್, ಮೆದುವಾ ಪಣ್ಣುಂಗ" ಎಂದು ಸಮಾಧಾನ ಹೇಳಿದರು. ಮೆಲ್ಲಗೆ ಮಾಡಿ ಎಂದರ್ಥ; ಎರಡು ವರ್ಷದ ಹಿಂದೆ ತುಂಗಾ ಕನ್ನಡದಲ್ಲಿ ಹೇಳಿದ್ದೂ ಅದನ್ನೇ. ಅವರು ತಳ್ಳಿದರು. ಬ್ಲೇಡಿನ ತುಂಡು ಹಾರಿ ಕಮಲಾಕರರ ಕಾಲ ಬಳಿ ಬಿತ್ತು.

"ಎಂತಾಯ್ತು ಸಾರ್? ಇಷ್ಟೆಲ್ಲ ಮಾಡಿದವರು ನೀವೇ ಅಲ್ವಾ?" ಕಮಲಾಕರ ನಗುತ್ತಲೇ ಕೇಳಿದರು.

ಆಗಲೂ ಕಾಲ ಮಿಂಚಿರಲಿಲ್ಲ. ಮುಂದಿನ ಸಾಲಿನಲ್ಲಿ ಕೂತ ತುಂಗಾ ಗಂಡನ ಬಾಯನ್ನೇ ನೋಡುತ್ತಿದ್ದಳು. ಅಲ್ಲ, ಮಾಡಿದ್ದು ಇವಳು ಎಂದು ಒಂದೇ ಒಂದು ಮಾತು ಬಂದಿದ್ದರೆ ಆಕೆ ಎಲ್ಲವನ್ನೂ ಮರೆತು ಬಿಡುತ್ತಿದ್ದಳು.

ಮಧುಸೂದನರು ಮೈಕಿನ ಕಡೆ ಬಾಗಿದರು. "ನೋಡಿ, ಇಂಥ ಚಿಲ್ಲರೆ ಕೊರೆಯೋ ಕೆಲಸಕ್ಕೆ ಈಗ ನಾನು ಕೈಹಾಕೋದು ಕಮ್ಮಿ. ನನ್ನ ಶ್ರೀಮತಿ ಬಂದಿದಾಳೆ, ನನ್ನ ಹತ್ರಾನೇ ಕಲ್ತಿರೋದು. ಅವಳು ಒಂಚೂರು ಮಾಡಿ ತೋರಿಸ್ತಾಳೆ. ತುಂಗಾ, ಬಾ ಇಲ್ಲಿ. ಬ್ಲೇಡ್ ಇದ್ರೆ ತಗೊಂಡ್ ಬಾ."

ನಾಲ್ಕಾರು ಜನ ಚಪ್ಪಾಳೆ ತಟ್ಟಿದರು. ತುಂಗಾ ಎದ್ದು, ಸೆರಗು ಸರಿಪಡಿಸಿಕೊಂಡು ವೇದಿಕೆ ಹತ್ತಿದಳು. ಬದುಕಿದೆ ಎನ್ನುವ ಮುಖ ಮಾಡಿ ಮಧುಸೂದನರು ಸ್ಟೂಲು ಬಿಟ್ಟು ಪಕ್ಕಕ್ಕೆ ಸರಿದರು. ಆಕೆ ಕೂರಲಿಲ್ಲ. ಕೈಚೀಲದಿಂದ ಪೊಟ್ಟಣ ತೆಗೆದು, ಅದರ ಬಾಯಿ ಬಿಚ್ಚಿ, ಯಂತ್ರದ ಪಕ್ಕದಲ್ಲಿ ಇಟ್ಟಳು. ಮೈಕು ಇನ್ನೂ ಚಾಲೂ ಇತ್ತು.

"ಕೂತ್ಕೊಳಿ. ಇದರಲ್ಲಿ ಒಂದು ಡಜನ್ ಇದೆ. ನಿಧಾನಕ್ಕೆ ಮುರೀರಿ."