ಹಾಡು ಬಲ್ಲವನ ಸೇತುವೆ

“ಬೇಗ ಹೇಳಪ್ಪ. ಹಿಂದೆ ರಾಕ್ಷಸರು ಬರ್ತಿದಾರೆ, ಮುಂದೆ ಕಂದಕ. ನಿನ್ನ ಮಾಂತ್ರಿಕ ಏನ್ಮಾಡ್ತಾನೆ?”

ಮಗಳು ಇಪ್ಪತ್ತು ಮುಖದ ದಾಳವನ್ನು ಮೇಜಿನಾಚೆಗೆ ತಳ್ಳಿದಳು. ಎಂಟು ತಿಂಗಳಿಂದ ಪ್ರತಿ ಭಾನುವಾರ ಮಧ್ಯಾಹ್ನ ಅವಳು ಕಥೆ ಹೇಳುತ್ತ ಆಟ ನಡೆಸುತ್ತಿದ್ದಳು. ಮೂವತ್ತು ವರ್ಷ ಬಾಗಿಲು, ಕಿಟಕಿ ಮಾಡಿದ್ದ ಬಡಗಿ, ಅವಳಪ್ಪ, ಆಟದಲ್ಲಿ ಮಾಂತ್ರಿಕ; ಸೋದರಮಾವ ಯೋಧ. ಯೋಧ ಸತ್ತರೆ ಮಾವನ ಎಂಟು ತಿಂಗಳ ಆಟವೂ ಅವನ ಜೊತೆಗೇ ಹೋದಂತೆ.

“ಸುತ್ತ ಮರ ಇದೆ ಅಂದ್ಯಲ್ಲ? ಮಂತ್ರ ಹಾಕಿ ಸೇತುವೆ ಮಾಡ್ತೀನಿ,” ಎಂದ ಬಡಗಿ. “ಮರ ಹಸೀದಾ, ಒಣಗಿದ್ದಾ?”

“ಅಪ್ಪಾ, ಅದು ಮಂತ್ರ!”

“ಮಂತ್ರ ಆದ್ರೇನು, ಹಸಿ ಮರ ಸೀಳಲ್ವಾ?”

ಆಟದಲ್ಲಿ ಮೊದಲ ಸಲ ಅವನಿಗೆ ಗೊತ್ತಿರುವ ವಿಷಯ ಬಂದಿತ್ತು. ಎಲ್ಲಿ ಕಚ್ಚು ತೆಗೆಯಬೇಕು, ಎಲ್ಲಿ ಬೆಣೆ ಹೊಡೆಯಬೇಕು ಎಂದು ಮೇಜಿನ ಮೇಲೆ ಬೆರಳಲ್ಲಿ ಗೀಚುತ್ತ ಹೋದ. “ಭಾವ, ರಾಕ್ಷಸರು ಬಂದೇಬಿಟ್ರು,” ಎಂದು ಮಾವ ಗೋಗರೆದ.

ಮಗಳು ನಿಯಮದ ಪುಸ್ತಕ ತಿರುವಿ ಹಾಕಿ ತಡವರಿಸಿದಳು. “ಜೋಡಣೆ ಕೆಲಸ ಆದ್ರೆ ಮಂತ್ರ ಹಾಕೋನಿಗೆ ಬಡಗಿ ಕೆಲಸ ಬರಬೇಕಂತೆ. ಇಲ್ಲದಿದ್ರೆ ದಾಳ ಹದಿನೆಂಟು ದಾಟಬೇಕು. ನಿನ್ನ ಹಾಳೇಲಿ ಏನಿದೆ?”

ಬಡಗಿ ತನ್ನ ಮಾಂತ್ರಿಕನ ವಿವರ ಬರೆದಿಟ್ಟ ಹಾಳೆ ನೋಡಿಕೊಂಡ. ಬಲ್ಲ ವಿದ್ಯೆ: ಹಾಡುಗಾರಿಕೆ.

“ನನಗೆ ಕೆಲಸ ಬರುತ್ತಲ್ಲೇ!”

“ನಿನಗೆ ಬರುತ್ತೆ, ಮಾಂತ್ರಿಕನಿಗೆ ಬರಲ್ಲ. ಹಾಳೆ ತುಂಬೋವಾಗ್ಲೇ ಕೇಳಿದ್ದೆ, ಬಡಗಿ ಕೆಲಸ ಬರೀಲಾ ಅಂತ. ನೀನೇ, ಆಟದಲ್ಲಾದ್ರೂ ನಾಲ್ಕು ಜನ ಮೆಚ್ಚೋ ವಿದ್ಯೆ ಇರ್ಲಿ ಅಂದೆ.”

“ಅಂದೆ,” ಎಂದು ಬಡಗಿ ಪೆಚ್ಚಾಗಿ ನಕ್ಕ. “ಬಚ್ಚಲಲ್ಲಿ ಹಾಡಿದ್ರೂ ನಿಮ್ಮಮ್ಮ ಬಾಗಿಲು ಬಡೀತಾಳೆ. ಅಂಥ ಗಂಟಲನ್ನ ನಂಬಿ ಕೈಕಸುಬು ಬಿಟ್ಟ ಮಹಾನುಭಾವ ನಾನು.”

ದಾಳ ಉರುಳಿಸಿದ. ಮೂರು.

ಸೇತುವೆಯೇನೋ ಎದ್ದಿತು. ಮಾಂತ್ರಿಕ ಹಗುರಾಗಿ ದಾಟಿದ. ಕಬ್ಬಿಣದ ಕವಚ ತೊಟ್ಟ ಯೋಧ ನಡುವೆ ಬಂದಾಗ ಕೀಲುಗಳೆಲ್ಲ ಕಳಚಿಕೊಂಡವು. ಯೋಧ ಕಂದಕಕ್ಕೆ ಬಿದ್ದು ಸತ್ತ. ಮಾವ ತನ್ನ ಹಾಳೆಯನ್ನು ಬೋರಲು ಹಾಕಿ, ಅದರ ಮೇಲೆ ಅಂಗೈ ಊರಿ ಕೂತ.

ಬಡಗಿಗೆ ಅವನ ಮುಖ ನೋಡಲಾಗಲಿಲ್ಲ. ಬೇರೆಯವರ ಮನೆಯಲ್ಲಿ ತಾನು ಕೂರಿಸಿದ ಬಾಗಿಲು ಕಿತ್ತುಬಂದಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

“ಈಗ ಮಾಂತ್ರಿಕ ಏನ್ಮಾಡ್ತಾನೆ?” ಮಗಳು ಮೆಲ್ಲಗೆ ಕೇಳಿದಳು.

“ಆಚೆ ದಡದಲ್ಲಿ ಊರಿದೆಯಾ? ಅಲ್ಲಿ ಯಾರಾದ್ರೂ ಬಡಗಿ ಇದ್ರೆ ಅವನ ಹತ್ರ ಕೆಲಸಕ್ಕೆ ಸೇರ್ಕೋತಾನೆ.”

“ಕಲಿಯೋಕೆ ಹತ್ತು ತಿಂಗಳು ಅಂತಿದೆ.”

“ಹತ್ತೇ ತಿಂಗಳಾ!” ಬಡಗಿ ಜೋರಾಗಿ ನಕ್ಕ. “ಮೂವತ್ತು ವರ್ಷ ಆಯ್ತು, ಇವತ್ತಿಗೂ ನಾನು ಕೊಯ್ದ ಹಲಗೆ ಅರ್ಧ ಬೆರಳು ಗಿಡ್ಡ.”

ಮಾವನ ತುಟಿಯಂಚು ಸ್ವಲ್ಪ ಅಲುಗಿತು.

ಬಡಗಿ ಕಿವಿಯ ಸಂದಿಯಿಂದ ದಪ್ಪ ಪೆನ್ಸಿಲ್ ತೆಗೆದ. ಬಲ್ಲ ವಿದ್ಯೆಯ ಮುಂದಿದ್ದುದನ್ನು ಹೊಡೆದುಹಾಕಿ, ಇದ್ದಷ್ಟು ಜಾಗದಲ್ಲಿ ಒತ್ತಿ ಬರೆದ: ಬಡಗಿ ಕೆಲಸ, ಕಲಿಯುತ್ತಿದ್ದಾನೆ.