ನೂರಕ್ಕೊಂದು ಗಂಟೆ

ಊರಲ್ಲೂ ಹೊರದೇಶದಲ್ಲೂ ಹಸಿದಿರುವ ಮಕ್ಕಳಿಗೆ ಅಕ್ಕಿ-ಬೇಳೆಯ ಪೊಟ್ಟಣ ಕಟ್ಟಲು ಸ್ವಯಂಸೇವಕರು ಸರ್ಕಾರಿ ಶಾಲೆಯ ವರಾಂಡ ಕೇಳಿ ಪಡೆದಿದ್ದರು. ನೂರು ಪೊಟ್ಟಣ ಮುಗಿದಾಗಲೆಲ್ಲ, ಹುರುಪು ಬರಲೆಂದು, ಮುಖಂಡ ಫಾಲಾಕ್ಷಯ್ಯ ಅಲ್ಲೇ ತೂಗುಹಾಕಿದ್ದ ಗಂಟೆ ಬಾರಿಸುತ್ತಿದ್ದರು.

ಮೂರು ಸಲ ಬಾರಿಸಿದ್ದಾಯಿತು. ಲಾರಿ ಬಂತು. ಎಣಿಸಿದರೆ ಇನ್ನೂರೆಪ್ಪತ್ತೇ ಪೊಟ್ಟಣ.

"ಮೂವತ್ತು ಕಮ್ಮಿ! ಯಾರ್ರೀ ಕದ್ದಿದ್ದು?" ಫಾಲಾಕ್ಷಯ್ಯ ಗುಡುಗಿದರು.

ಶಾಲೆಯ ಬಿಸಿಯೂಟದ ಅಡುಗೆಯಾಕೆ ಚೌಡಮ್ಮ ಸೌಟು ಹಿಡಿದೇ ಓಡಿಬಂದಳು.

"ನಾನೇ ತಗೊಂಡೆ ಸಾರ್."

"ಹಸಿದ ಮಕ್ಕಳ ಅನ್ನಕ್ಕೆ ಕೈ ಹಾಕೋಕೆ ನಾಚ್ಕೆ ಆಗಲ್ವೇನಮ್ಮಾ?"

"ಊಟದ ಗಂಟೆ ಮೂರ್ ಸಲ ಹೊಡ್ದೋರು ನೀವು! ಮಕ್ಳು ಮೂರ್ ಸಲಾನೂ ತಟ್ಟೆ ಹಿಡ್ಕೊಂಡು ಬಂದು ಕೂತ್ವು. ನನ್ನಕ್ಕಿ ಮೊದಲ್ನೇ ಸಲಕ್ಕೇ ಮುಗ್ದೋಯ್ತು."